ಕಟ್ಟಿಗೆಯ ಕೊಟ್ಟಿಗೆಯೂ ಮನೆಯ ಕ್ಷೇಮವೂ

ಹೆಣ್ಣುಮಕ್ಕಳು ಕಲಿಯತಕ್ಕ ಗೃಹಕೃತ್ಯಗಳು ಯಾವವೆಂದು ಕೇಳಿದರೆ, ಅಡಿಗೆ, ಹೊಲಿಗೆ, ಶಿಶುಪಾಲನೆ, ರೋಗಿಗಳ ಶುಶ್ರೂಷೆ ಎಂದು ಯಾರಾದರೂ ಒಡನೆ ಉತ್ತರ ಕೊಡುವರು. ಒಲೆಗೆ ಬೇಕಾದ ಕಟ್ಟಿಗೆಯನ್ನು ಎಲ್ಲಿ ಇಡಬೇಕು, ಹೇಗೆ ಒಟ್ಟಬೇಕು, ಹೇಗೆ ತೆಗೆಯಬೇಕು ಎಂಬದನ್ನು ಆ ಪಟ್ಟಿಯಲ್ಲಿ ಸೇರಿಸುವವರು ವಿರಳ. ಉರಿದು ಬೂದಿಯಾಗತಕ್ಕ ವಸ್ತುವಿಗೆ ಇಷ್ಟು ವಿಚಾರವೇಕೆ ಎಂಬದು ಜನರ ಸಾಮಾನ್ಯ ಭಾವನೆ. ಆದರೆ ಉರಿಯುವದಕ್ಕೆ ಮೊದಲು ಕಟ್ಟಿಗೆಯು ತಿಂಗಳುಗಟ್ಟಲೆ ನಮ್ಮ ಮನೆಯ ಮಗ್ಗುಲಲ್ಲಿಯೇ ಬಿದ್ದಿರುತ್ತದೆ; ಆ ತಿಂಗಳುಗಳಲ್ಲಿ ಅದು ಅನೇಕ ಜೀವಜಂತುಗಳಿಗೆ ಆಶ್ರಯವಾಗುತ್ತದೆ. ಅವುಗಳಲ್ಲಿ ಕೆಲವು ನಮ್ಮ ಬಾಗಿಲು ಜಂತಿಗಳನ್ನು ತಿನ್ನುವವು, ಕೆಲವು ನಮ್ಮ ಪ್ರಾಣಕ್ಕೇ ಅಪಾಯ ತರುವವು. ಆದಕಾರಣ ಅಲ್ಪವೆಂದು ತೋರುವ ಈ ವಿಷಯವನ್ನು ಕುರಿತು ಈ ಸಂಚಿಕೆಯಲ್ಲಿ ಕೆಲವು ಮಾತುಗಳನ್ನು ಹೇಳಬೇಕೆಂದು ನಾವು ಅಪೇಕ್ಷಿಸುತ್ತೇವೆ.

ಗ್ಯಾಸ್ ಒಲೆಯು ಬಡವರ ಮನೆಗೂ ಬಂದಿರುವ ಈ ಕಾಲದಲ್ಲಿ ಕಟ್ಟಿಗೆಯ ಮಾತು ಹಳೆಯದಲ್ಲವೇ ಎಂದು ಕೆಲವರು ಕೇಳಬಹುದು. ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಹಳ್ಳಿಯ ಎಷ್ಟೋ ಮನೆಗಳಿಗೆ ಗ್ಯಾಸ್ ದೊರಕಿತೆಂಬದು ನಿಜ. ಆದರೂ ನಮ್ಮ ಕರಾವಳಿಯಲ್ಲಿಯೂ ಮಲೆನಾಡಿನಲ್ಲಿಯೂ ಬಚ್ಚಲಿನ ಹಂಡೆಯ ಕೆಳಗೆ ಕಟ್ಟಿಗೆಯೇ ಉರಿಯುತ್ತದೆ. ಕುಚ್ಚಲಕ್ಕಿಗಾಗಿ ಭತ್ತ ಬೇಯಿಸುವಾಗಲೂ, ಮದುವೆ ಹಬ್ಬಗಳ ಅಡಿಗೆಗೂ ಅದೇ ಬೇಕು. ಮೇಲಾಗಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮೂರು ಹೊತ್ತಿನ ಅಡಿಗೆಯೂ ಕಟ್ಟಿಗೆಯಿಂದಲೇ ಆಗುತ್ತಿದ್ದಾಗ ರಾಶಿಯು ದಿನದಿನವೂ ಕರಗುತ್ತಿತ್ತು; ಒಂದು ಕೊರಡು ಹೆಚ್ಚು ಕಾಲ ಒಂದೇ ಕಡೆ ಬಿದ್ದಿರುತ್ತಿರಲಿಲ್ಲ. ಈಗಲಾದರೋ ಸ್ವಲ್ಪ ಸ್ವಲ್ಪವೇ ಖರ್ಚಾಗುವದರಿಂದ ರಾಶಿಯ ಅಡಿಭಾಗವು ವರ್ಷವಾದರೂ ಅಲುಗದೆ ಇರುತ್ತದೆ. ಹೀಗೆ ಯಾರೂ ಮುಟ್ಟದ ರಾಶಿಯೇ ಜಂತುಗಳಿಗೆ ಎಲ್ಲಕ್ಕಿಂತ ಪ್ರಿಯವಾದ ಮನೆ. ಗ್ಯಾಸ್ ಬಂದದ್ದರಿಂದ ಕಟ್ಟಿಗೆಯ ಅಪಾಯವು ಕಡಿಮೆಯಾಗಲಿಲ್ಲ. ಕೆಲವು ಮನೆಗಳಲ್ಲಿ ಅದು ಹೆಚ್ಚಾಯಿತೆಂದೇ ನಾವು ಹೇಳುವೆವು.

ಇದರಲ್ಲಿ ನಮ್ಮಂಥ ಹೆಣ್ಣುಮಕ್ಕಳ ಶಾಲೆಗೆ ವಿಶೇಷವಾದ ಕಾಳಜಿ ಇರುವದಕ್ಕೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ನಮ್ಮ ಎಂಟನೆಯ ತರಗತಿಯ ಒಬ್ಬ ಹುಡುಗಿಯು ಸಂಜೆಯ ಹೊತ್ತು ಹಂಡೆಯ ಒಲೆಗಾಗಿ ಕಟ್ಟಿಗೆ ತರಲು ಹಿತ್ತಿಲಿಗೆ ಹೋದಳು. ದೀಪವಿರಲಿಲ್ಲ. ಎರಡು ಕೊರಡುಗಳ ಸಂದಿಯಲ್ಲಿ ಕೈಯಿಟ್ಟೊಡನೆ ಚೇಳು ಕುಟುಕಿತು. ಮೂರು ದಿನ ಆಸ್ಪತ್ರೆಯಲ್ಲಿದ್ದು, ದೇವರ ದಯದಿಂದ ಗುಣಹೊಂದಿ ಶಾಲೆಗೆ ಬಂದಳು. ಆ ರಾಶಿಯನ್ನು ಒಟ್ಟಿದವರು ಯಾರೆಂದು ನಾವು ವಿಚಾರಿಸಿದಾಗ, ಕೂಲಿಯಾಳು ತಂದು ಸುರಿದು ಹೋದನೆಂದೂ, ಮನೆಯ ಗಂಡಸರು ಯಾರೂ ಅದನ್ನು ನೋಡಲಿಲ್ಲವೆಂದೂ ತಿಳಿಯಿತು. ಸುರಿಯುವವರು ಒಬ್ಬರು, ಕೈ ಹಾಕುವವರು ಇನ್ನೊಬ್ಬರು. ಕೈ ಹಾಕುವದು ಬಹುಮಟ್ಟಿಗೆ ಮನೆಯ ಹೆಣ್ಣುಮಗಳು, ಅದೂ ಮುಂಜಾನೆಯ ಅಥವಾ ಸಂಜೆಯ ಮಬ್ಬಿನಲ್ಲಿ. ಆದಕಾರಣ ಕಟ್ಟಿಗೆಯನ್ನು ಒಟ್ಟುವಾಗ ಅದನ್ನು ತೆಗೆಯುವ ಕೈಯನ್ನು ನೆನಸಬೇಕೆಂಬದೇ ಈ ಲೇಖನದ ಸಾರವು. ಮುಂದೆ ಹೇಳುವ ನಿಯಮಗಳೆಲ್ಲವೂ ಈ ಒಂದು ಮಾತಿನಿಂದ ಹುಟ್ಟಿದವುಗಳೇ.

ಮೊದಲು ರಾಶಿಯಲ್ಲಿ ಯಾರು ಯಾರು ವಾಸಿಸುತ್ತಾರೆಂಬದನ್ನು ತಿಳಿಯೋಣ. ಶತ್ರುವಿನ ಸ್ವಭಾವವನ್ನು ಅರಿತರೆ ಅವನನ್ನು ದೂರವಿಡುವ ಉಪಾಯವು ತಾನಾಗಿಯೇ ಹೊಳೆಯುತ್ತದೆ.

ಇವುಗಳಲ್ಲಿ ಮೊದಲನೆಯದು ಗೆದ್ದಲು. ಒರಲೆ ಎಂದೂ ಇದಕ್ಕೆ ಹೆಸರು. ಬಿಳಿ ಇರುವೆ ಎಂದು ಕೆಲವರು ಕರೆದರೂ ಇದು ಇರುವೆಯ ಜಾತಿಯದಲ್ಲ, ಜಿರಳೆಯ ಬಳಗಕ್ಕೆ ಸೇರಿದ್ದೆಂದು ಪ್ರಾಣಿಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ನೆಲದೊಳಗೆ ಗೂಡು ಮಾಡುವ ಗೆದ್ದಲಿನ ಮೈ ಬಹಳ ಮೃದು. ಬಿಸಿಲು ಗಾಳಿಗಳಿಗೆ ಅದು ಬೇಗನೆ ಒಣಗಿ ಸಾಯುತ್ತದೆ. ಆದದರಿಂದ ಅದು ಬಯಲಿನಲ್ಲಿ ನಡೆಯದೆ, ಒದ್ದೆ ಮಣ್ಣಿನಿಂದ ಕೊಳವೆಯಂಥ ದಾರಿಯನ್ನು ಕಟ್ಟಿಕೊಂಡು ಅದರೊಳಗೆ ಸಂಚರಿಸುತ್ತದೆ. ನೆಲಕ್ಕೆ ತಗಲಿದ ಕಟ್ಟಿಗೆಯು ಅದಕ್ಕೆ ಆಹಾರವೂ ಆಗುತ್ತದೆ, ಮರೆಯೂ ಆಗುತ್ತದೆ. ಆ ರಾಶಿಯು ಗೋಡೆಗೆ ಒರಗಿದ್ದರೆ ಅದು ಸೇತುವೆಯೂ ಆಗುತ್ತದೆ. ರಾಶಿಯ ಹಿಂದಿನ ಕತ್ತಲೆಯಲ್ಲಿ ಗೆದ್ದಲು ಗೋಡೆಯನ್ನು ಹತ್ತಿ ಕಿಟಕಿಯ ಚೌಕಟ್ಟನ್ನೂ ಮಾಡಿನ ಪಕಾಸುಗಳನ್ನೂ ಸೇರುವದನ್ನು ನಾವು ಕಾಣುವದೇ ಇಲ್ಲ. ಕಂಡಾಗ ಒಳಗೆಲ್ಲ ಪೊಳ್ಳಾಗಿರುತ್ತದೆ.

ನೆಲದ ಸಂಬಂಧವೇ ಇಲ್ಲದೆ ಒಣಮರದೊಳಗೇ ಬಾಳುವ ಗೆದ್ದಲಿನ ಜಾತಿಯೂ ಒಂದುಂಟು. ಇದಲ್ಲದೆ ಕುಟ್ಟೆ ಹುಳುವೆಂಬ ಸಣ್ಣ ದುಂಬಿಯು ಬಿದಿರಿನಲ್ಲಿಯೂ, ಎಳೆಯ ಮರದ ಹೊರಭಾಗದಲ್ಲಿಯೂ ಮೊಟ್ಟೆಯಿಟ್ಟು, ಅದರ ಮರಿಹುಳುಗಳು ಒಳಗಿಂದ ಮರವನ್ನು ಹಿಟ್ಟು ಮಾಡುವವು. ಈ ಮೂವರಲ್ಲಿ ಯಾರು ಬಂದಿರುವರೆಂಬದನ್ನು ಗುರುತಿಸುವದು ಕಷ್ಟವಲ್ಲ. ಕಟ್ಟಿಗೆಯ ಮೇಲೆ ಮಣ್ಣಿನ ಲೇಪವೂ ಕೊಳವೆಗಳೂ ಕಂಡರೆ ಅದು ನೆಲದ ಗೆದ್ದಲು. ಕೆಳಗೆ ಅಕ್ಕಿಹಿಟ್ಟಿನಂಥ ನುಣುಪಾದ ಪುಡಿಯೂ, ಮರದಲ್ಲಿ ಸೂಜಿಯಿಂದ ಚುಚ್ಚಿದಂಥ ತೂತುಗಳೂ ಕಂಡರೆ ಅದು ಕುಟ್ಟೆ. ಗಸಗಸೆಯಂಥ ಗಟ್ಟಿ ಕಾಳುಗಳು ಬಿದ್ದಿದ್ದರೆ ಅದು ಒಣಮರದ ಗೆದ್ದಲಿನ ಹಿಕ್ಕೆ. ಹಿಟ್ಟು ಅಥವಾ ಗಸಗಸೆ ಕಂಡ ಕಟ್ಟಿಗೆಯನ್ನು ಮನೆಯೊಳಗೆ ಮೇಜು ಕುರ್ಚಿಗಳ ಸಮೀಪ ಎಂದೂ ತರಕೂಡದು. ಬೇರೆಯಾಗಿ ತೆಗೆದಿಟ್ಟು ಎಲ್ಲಕ್ಕಿಂತ ಮೊದಲು ಉರಿಸಿಬಿಡಬೇಕು.

ಎರಡನೆಯ ಗುಂಪಿನವು ಇಲಿ ಹೆಗ್ಗಣಗಳು. ಇವು ಕಟ್ಟಿಗೆಯನ್ನು ತಿನ್ನುವದಕ್ಕಾಗಿ ಬರುವವುಗಳಲ್ಲ, ಅಡಗುವದಕ್ಕಾಗಿ ಬರುವವು. ಸಮೀಪದಲ್ಲಿ ಕೋಳಿಯ ಆಹಾರವೋ, ತೆಂಗಿನಕಾಯಿಯ ರಾಶಿಯೋ, ಭತ್ತದ ಚೀಲವೋ ಇದ್ದರೆ ಅವುಗಳಿಗೆ ಊಟವೂ ಮನೆಯೂ ಒಂದೇ ಕಡೆ ದೊರೆತಂತಾಯಿತು. ಇಲಿಗಳ ಮೂತ್ರವು ಮಳೆಗಾಲದ ಕೆಸರಿನಲ್ಲಿ ಬೆರೆತು, ಕಾಲಿನ ಗಾಯ ಬಿರುಕುಗಳ ಮೂಲಕ ಮನುಷ್ಯರ ದೇಹವನ್ನು ಸೇರಿದಾಗ ಇಲಿಜ್ವರವು ಬರುತ್ತದೆ. ಕೊಟ್ಟಿಗೆಗೆ ಬರಿಗಾಲಿನಲ್ಲಿ ಹೋಗಬಾರದೆಂಬದಕ್ಕೆ ಇದೊಂದೇ ಕಾರಣವು ಸಾಕು.

ಇಲಿಯನ್ನು ಹಿಂಬಾಲಿಸಿ ಹಾವು ಬರುತ್ತದೆ. ಹಾವಿಗೆ ಮನುಷ್ಯರ ಮೇಲೆ ದ್ವೇಷವಿಲ್ಲ. ಇಲಿ ಕಪ್ಪೆಗಳು ಎಲ್ಲಿ ಇರುವವೋ ಅಲ್ಲಿಗೆ ಅದು ಹೋಗುತ್ತದೆ, ತಂಪಾದ ಕತ್ತಲೆಯ ಸಂದಿಯಲ್ಲಿ ಮಲಗುತ್ತದೆ. ನಮ್ಮ ದೇಶದಲ್ಲಿ ಹೆಚ್ಚು ಮರಣಗಳಿಗೆ ಕಾರಣವಾಗುವವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಎಂಬ ನಾಲ್ಕು ಜಾತಿಗಳು. ೨೦೦೦ದಿಂದ ೨೦೧೯ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ೧೨ ಲಕ್ಷ ಜನರೆಂದು ೨೦೨೦ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯು ಅಂದಾಜು ಮಾಡಿತು. ಅವರಲ್ಲಿ ನಾಲ್ಕನೆಯ ಒಂದು ಪಾಲಿಗಿಂತ ಹೆಚ್ಚಿನವರು ೧೫ ವರ್ಷಕ್ಕೆ ಕೆಳಗಿನ ಮಕ್ಕಳು. ಮರಣಗಳಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ಮಳೆಗಾಲದಲ್ಲಿ ಸಂಭವಿಸಿದವು. ನಮ್ಮ ರಾಜ್ಯದ ಸರಕಾರವು ೨೦೨೪ರಲ್ಲಿ ಹಾವುಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡತಕ್ಕ ವ್ಯಾಧಿಯೆಂದು ಪ್ರಕಟಿಸಿತು. ಈ ಅಂಕೆಗಳನ್ನು ನಾವು ಕೊಡುವದು ಯಾರನ್ನೂ ಭಯಪಡಿಸುವದಕ್ಕಲ್ಲ. ಕೊಟ್ಟಿಗೆಯ ಕ್ರಮವು ಬರೇ ಅಂದಚೆಂದದ ವಿಷಯವಲ್ಲವೆಂಬದನ್ನು ತೋರಿಸುವದಕ್ಕೆ ಮಾತ್ರ.

ಸೌದೆಯ ಹೊರೆಯಲ್ಲಿ ಹಾವು ಅಡಗುವದು ಹೊಸ ಸಂಗತಿಯೇನೂ ಅಲ್ಲ. ಅಪೊಸ್ತಲರ ಕೃತ್ಯಗಳ ೨೮ನೆಯ ಅಧ್ಯಾಯವನ್ನು ಓದಿದವರಿಗೆ ಇದು ನೆನಪಿರಬಹುದು. ಹಡಗು ಒಡೆದು ಮಾಲ್ಟಾ ದ್ವೀಪವನ್ನು ಸೇರಿದ ಪೌಲನು, ಮಳೆಯಲ್ಲಿಯೂ ಚಳಿಯಲ್ಲಿಯೂ ನಡುಗುತ್ತಿದ್ದವರಿಗಾಗಿ ಒಂದು ಹೊರೆ ಕಟ್ಟಿಗೆಯನ್ನು ತಾನೇ ಕೂಡಿಸಿ ಬೆಂಕಿಯ ಮೇಲೆ ಹಾಕುವಾಗ, ಕಾವಿಗೆ ಒಂದು ಸರ್ಪವು ಹೊರಟು ಅವನ ಕೈಯನ್ನು ಹಿಡಿಯಿತೆಂದು ಅಲ್ಲಿ ಬರೆದದೆ. ಚಳಿಯಲ್ಲಿ ಹಾವು ಕೊರಡಿನಂತೆ ಅಲುಗದೆ ಬಿದ್ದಿದ್ದು, ಕಾವು ತಗಲಿದಾಗ ಚೇತರಿಸಿಕೊಳ್ಳುವದೆಂಬ ಪ್ರಕೃತಿಯ ನಿಯಮವು ಆ ವೃತ್ತಾಂತದಲ್ಲಿ ಸರಿಯಾಗಿ ಕಾಣುತ್ತದೆ. ಪೌಲನಿಗೆ ಕೇಡಾಗಲಿಲ್ಲ. ನಾವಾದರೋ ಹೊರೆಯನ್ನು ಒಲೆಯ ಬಳಿಗೆ ತರುವ ಮೊದಲೇ ಬಿಚ್ಚಿ ನೋಡುವದು ನಮ್ಮ ಕರ್ತವ್ಯ.

ಚೇಳು ಮತ್ತು ಜರಿಗಳು ತೊಗಟೆಯ ಅಡಿಯಲ್ಲಿಯೂ ಕೊರಡುಗಳ ಸಂದಿಯಲ್ಲಿಯೂ ಹಗಲೆಲ್ಲ ಅಡಗಿದ್ದು ರಾತ್ರಿಯಲ್ಲಿ ಹುಳುಗಳನ್ನು ಹುಡುಕುತ್ತ ಹೊರಡುವವು. ನಮ್ಮ ಪಡುವಣ ಕರಾವಳಿಯಲ್ಲಿ ಕಾಣುವ ಕೆಂಪು ಚೇಳಿನ ವಿಷವು ಹೃದಯವನ್ನು ಪೀಡಿಸುವಂಥದು. ಚಿಕ್ಕ ಮಕ್ಕಳಿಗೆ ಅದು ಪ್ರಾಣಾಂತಿಕವಾಗಬಹುದು. ಕೊಂಕಣದ ಮಹಾಡ್ ಎಂಬ ಊರಿನ ವೈದ್ಯರಾದ ಹಿಮ್ಮತರಾವ್ ಬಾವಸ್ಕರರು, ರಕ್ತದ ಒತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಔಷಧವು ಇದಕ್ಕೆ ಪರಿಹಾರವೆಂದು ತೋರಿಸಿ ಎಷ್ಟೋ ಮಕ್ಕಳ ಪ್ರಾಣವನ್ನು ಉಳಿಸಿದರು. ಆದಕಾರಣ ಚೇಳು ಕುಟುಕಿದ ಮಗುವಿಗೆ ವಾಂತಿಯೂ ಬೆವರೂ ಬಂದು, ಕೈಕಾಲು ತಣ್ಣಗಾದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಘಟ್ಟದ ಮೇಲಿನ ಊರುಗಳಿಂದ ನಮ್ಮ ವಸತಿಗೃಹಕ್ಕೆ ಬರುವ ಹುಡುಗಿಯರಿಗೆ ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಅವರ ಮನೆಗಳಲ್ಲಿ ಕಟ್ಟಿಗೆಯನ್ನು ಕೊಳ್ಳುವದಕ್ಕಿಂತ ಕಾಡಿನಿಂದ ಕೂಡಿಸಿ ತರುವದೇ ಹೆಚ್ಚು. ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಪ್ರಾಂತದಲ್ಲಿ ೧೯೫೭ರಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣ್ಣಿಗಳ ಕಡಿತದಿಂದ ಮನುಷ್ಯರಿಗೆ ತಗಲುತ್ತದೆ. ಡಿಸೆಂಬರಿನಿಂದ ಮೇ ತಿಂಗಳ ವರೆಗೆ ಎಳೆಯ ಉಣ್ಣಿಗಳು ಕಾಡಿನ ನೆಲದ ತರಗೆಲೆಗಳಲ್ಲಿ ಹೇರಳವಾಗಿರುವವು. ನಮ್ಮ ಜನರು ಸೌದೆಗೂ ದರಗಿಗೂ ಕಾಡಿಗೆ ಹೋಗುವದು ಸರಿಯಾಗಿ ಅದೇ ತಿಂಗಳುಗಳಲ್ಲಿ. ಆದಕಾರಣ ಮಂಗಗಳು ಸತ್ತಿರುವ ಕಾಡಿನಿಂದ ಸೌದೆಯನ್ನಾಗಲಿ ತರಗೆಲೆಯನ್ನಾಗಲಿ ತರಲೇಕೂಡದು. ಮಂಗ ಸತ್ತದ್ದನ್ನು ಕಂಡರೆ ಆರೋಗ್ಯ ಇಲಾಖೆಯವರಿಗೆ ತಿಳಿಸಬೇಕು. ಬೇರೆ ಕಾಡಿಗೆ ಹೋಗುವಾಗಲೂ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆಯನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಬೇಕು. ಹೊರೆಯಲ್ಲಿ ಸಿಕ್ಕಿಕೊಂಡ ಎಲೆಗಳನ್ನು ಕಾಡಿನಲ್ಲಿಯೇ ಕೊಡವಿ ಬರಬೇಕು. ಮನೆಗೆ ಬಂದ ಕೂಡಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆಗಳನ್ನು ಒಗೆಯಬೇಕು.

ಇನ್ನು ಕಟ್ಟಿಗೆಯನ್ನು ಇಡುವ ಕ್ರಮವನ್ನು ವಿವರಿಸುವೆವು.

ಮೊದಲನೆಯದು, ಒಣಗಿಸುವದು. ಆಗ ತಾನೇ ಕಡಿದ ಹಸಿಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಚೆನ್ನಾಗಿ ಒಣಗಿದ ಕಟ್ಟಿಗೆಯಲ್ಲಿ ಅದು ಐದನೆಯ ಒಂದು ಪಾಲಿಗೂ ಇಳಿದಿರುತ್ತದೆ. ಹಸಿಯಾದ ಕಟ್ಟಿಗೆಯು ಗೆದ್ದಲಿಗೂ ಬೂಷ್ಟಿಗೂ ಪ್ರಿಯ. ಒಲೆಯಲ್ಲಿ ಹಾಕಿದರೆ ಅದರ ಕಾವೆಲ್ಲ ನೀರನ್ನು ಆರಿಸುವದಕ್ಕೇ ಖರ್ಚಾಗಿ, ಹೊಗೆಯು ಮಾತ್ರ ಅಡಿಗೆ ಮಾಡುವವಳ ಕಣ್ಣಿಗೂ ಎದೆಗೂ ಉಳಿಯುತ್ತದೆ. ಮಂಗಳೂರಿನ ಸುತ್ತಮುತ್ತ ವರ್ಷಕ್ಕೆ ಮೂರೂವರೆ ಸಾವಿರ ಮಿಲ್ಲಿಮೀಟರಿಗೂ ಮಿಕ್ಕಿ ಮಳೆಯಾಗುತ್ತದೆ. ಅದರ ಬಹುಭಾಗವು ನಾಲ್ಕೇ ತಿಂಗಳುಗಳಲ್ಲಿ ಸುರಿಯುತ್ತದೆ. ಆದದರಿಂದ ನಮ್ಮ ಹಿರಿಯರು ಜನವರಿ ಫೆಬ್ರವರಿಗಳಲ್ಲಿ ಕಟ್ಟಿಗೆಯನ್ನು ಸೀಳಿಸಿ, ಬೇಸಗೆಯ ಬಿಸಿಲಿನಲ್ಲಿ ಹರವಿ, ಮೇ ತಿಂಗಳು ಮುಗಿಯುವದರೊಳಗೆ ಕೊಟ್ಟಿಗೆಗೆ ಸೇರಿಸುತ್ತಿದ್ದರು. ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬಂತೆ, ಮೊದಲ ಗುಡುಗು ಕೇಳಿದ ಮೇಲೆ ಕಟ್ಟಿಗೆಗಾಗಿ ಓಡಾಡಿ ಫಲವಿಲ್ಲ. ಇಡೀ ಕೊರಡಿಗಿಂತ ಸೀಳಿದ ಕಟ್ಟಿಗೆಯು ಬೇಗ ಒಣಗುತ್ತದೆ, ಯಾಕಂದರೆ ತೊಗಟೆಯು ನೀರನ್ನು ಹೊರಗೆ ಬಿಡುವದಿಲ್ಲ. ಸಡಿಲವಾದ ತೊಗಟೆಯನ್ನು ಆಗಲೇ ಕಿತ್ತುಹಾಕಿದರೆ ಚೇಳು ಜರಿಗಳ ಅರ್ಧ ಮನೆಯನ್ನೇ ಕೆಡವಿದ ಹಾಗೆ. ಒಣಗಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡಿರಿ: ಒಣಗಿದ್ದರೆ ಟಣ್ಣೆಂಬ ಸ್ವರವು ಬರುವದು, ಹಸಿಯಾಗಿದ್ದರೆ ಮಂದವಾದ ಶಬ್ದವು ಬರುವದು. ಒಣಗಿದ ಕಟ್ಟಿಗೆಯ ತುದಿಗಳಲ್ಲಿ ಬಿರುಕುಗಳೂ ಕಾಣುವವು.

ಎರಡನೆಯದು, ಸ್ಥಳ. ಸ್ಥಳಾವಕಾಶವಿದ್ದವರು ಕೊಟ್ಟಿಗೆಯನ್ನು ಮನೆಯಿಂದ ಇಪ್ಪತ್ತು ಅಡಿಯಾದರೂ ದೂರದಲ್ಲಿ ಕಟ್ಟುವದು ಉತ್ತಮ. ಹಿತ್ತಿಲು ಚಿಕ್ಕದಾಗಿದ್ದು ಮನೆಯ ಪಕ್ಕದಲ್ಲಿಯೇ ಇಡಬೇಕಾದರೆ, ರಾಶಿಗೂ ಗೋಡೆಗೂ ನಡುವೆ ಒಂದು ಮೊಳವಾದರೂ ತೆರಪಿರಲಿ; ಆ ತೆರಪಿನಲ್ಲಿ ಬೆಳಕು ಬಿದ್ದು, ಪೊರಕೆಯು ಓಡುವಂತಿರಬೇಕು. ಮಲಗುವ ಕೋಣೆಯ ಕಿಟಕಿಯ ಕೆಳಗೂ, ಮೆಟ್ಟಿಲುಗಳ ಅಡಿಯಲ್ಲಿಯೂ, ಮಂಚದ ಕೆಳಗೂ ಕಟ್ಟಿಗೆಯನ್ನು ಇಡುವ ಪದ್ಧತಿಯನ್ನು ಸಂಪೂರ್ಣವಾಗಿ ಬಿಡಬೇಕು. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಲೆಂದು ಇಡುವವರುಂಟು. ನಾಲ್ಕು ದಿನಗಳಿಗೆ ಬೇಕಾದಷ್ಟನ್ನು ಇಟ್ಟರೆ ಬಾಧಕವಿಲ್ಲ. ಮಳೆಗಾಲದ ರಾಶಿಯನ್ನೇ ಅಲ್ಲಿ ತುಂಬಿದರೆ ಬೆಂಕಿಯ ಭಯವೂ ಇಲಿಗಳ ಕಾಟವೂ ಒಟ್ಟಿಗೆ ಬರುವವು.

ಮೂರನೆಯದು, ನೆಲದಿಂದ ಎತ್ತರಿಸುವದು. ಕೆಂಪುಕಲ್ಲುಗಳನ್ನು ಸಾಲಾಗಿ ಇಟ್ಟು, ಅವುಗಳ ಮೇಲೆ ಗಟ್ಟಿಯಾದ ಗಳುಗಳನ್ನಾಗಲಿ ಕಬ್ಬಿಣದ ಸಲಾಕೆಗಳನ್ನಾಗಲಿ ಅಡ್ಡಹಾಕಿ, ಒಂದು ಅಡಿ ಎತ್ತರದಲ್ಲಿ ಕಟ್ಟಿಗೆಯನ್ನು ಒಟ್ಟಬೇಕು. ಕಲ್ಲಿದ್ದರೆ ಗೆದ್ದಲು ಬರುವದಿಲ್ಲವೆಂದು ತಿಳಿಯಬೇಡಿರಿ. ಅದು ಕಲ್ಲಿನ ಮೇಲೆಯೂ ಮಣ್ಣಿನ ದಾರಿಯನ್ನು ಕಟ್ಟಬಲ್ಲದು. ಆದರೆ ಆಗ ಅದರ ದಾರಿಯು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣುತ್ತದೆ. ಕಂಡದ್ದನ್ನು ಪೊರಕೆಯ ಒಂದೇ ಏಟಿನಿಂದ ಕೆಡವಬಹುದು. ಕಲ್ಲುಗಳು ಕಾವಲುಗಾರರಲ್ಲ, ಸಾಕ್ಷಿಗಳು. ಅಡಿಯಲ್ಲಿ ಗಾಳಿಯಾಡುವದರಿಂದ ಕಟ್ಟಿಗೆಯು ಒಣಗಿರುವದು. ಹೆಗ್ಗಣದ ಬಿಲವಿದ್ದರೆ ಅದೂ ತಿಳಿಯುವದು.

ನಾಲ್ಕನೆಯದು, ಒಟ್ಟುವ ರೀತಿ. ಕಟ್ಟಿಗೆಯನ್ನು ಸುರಿದುಬಿಡುವದಲ್ಲ, ಜೋಡಿಸಬೇಕು. ಎಲ್ಲವನ್ನೂ ಸರಿಸಮವಾದ ಉದ್ದಕ್ಕೆ ತುಂಡರಿಸಿ, ಒಂದೇ ದಿಕ್ಕಿಗೆ ಮಲಗಿಸಿ, ಸಾಲಿನ ಎರಡು ಕೊನೆಗಳಲ್ಲಿ ಮಾತ್ರ ಅಡ್ಡ ಉದ್ದ ಹೆಣೆದರೆ ರಾಶಿಯು ಜಾರುವದಿಲ್ಲ. ಎತ್ತರವು ಕೊಟ್ಟಿಗೆಗೆ ಹೋಗುವ ಹುಡುಗಿಯ ಎದೆಯ ಮಟ್ಟವನ್ನು ಮೀರಕೂಡದು. ಯಾಕಂದರೆ ಕಣ್ಣಿಗೆ ಕಾಣದ ಎತ್ತರದಲ್ಲಿ ಕೈ ತಡವುವಾಗಲೇ ಅಪಾಯ. ಹಳೆಯದು ಮುಂದೆ, ಹೊಸದು ಹಿಂದೆ ಇರಲಿ. ಕಳೆದ ವರ್ಷದ ಕಟ್ಟಿಗೆಯ ಮೇಲೆ ಈ ವರ್ಷದ್ದನ್ನು ಎಂದೂ ಹಾಕಬೇಡಿರಿ. ಹಾಗೆ ಹಾಕಿದರೆ ಅಡಿಯಲ್ಲಿರುವದು ಎಂದೆಂದಿಗೂ ಅಡಿಯಲ್ಲಿಯೇ ಉಳಿಯುವದು. ಮಳೆಗಾಲವು ಮುಗಿದ ತರುವಾಯ ಉಳಿದದ್ದನ್ನೆಲ್ಲ ಹೊರಗೆ ತೆಗೆದು, ಬಿಸಿಲಿಗೆ ಹಾಕಿ, ನೆಲವನ್ನು ಗುಡಿಸಿದ ಮೇಲೆಯೇ ಹೊಸದನ್ನು ತರಬೇಕು.

ಐದನೆಯದು, ಹೊದಿಕೆ. ಮೇಲೆ ಹಂಚಿನ ಅಥವಾ ತಗಡಿನ ಮಾಡಿದ್ದರೆ ಸಾಕು. ಪಕ್ಕಗಳು ಗಾಳಿಗೆ ತೆರೆದಿರಲಿ. ಟರ್ಪಾಲು ಹೊದಿಸುವವರು ರಾಶಿಯ ನೆತ್ತಿಯನ್ನು ಮಾತ್ರ ಮುಚ್ಚಬೇಕು. ನೆಲದ ವರೆಗೆ ಸುತ್ತಿ ಕಟ್ಟಿದರೆ ಒಳಗೆ ಬೆವರು ನಿಂತು ಬೂಷ್ಟು ಹಿಡಿಯುವದು. ಜಂತುಗಳಿಗೆ ಕತ್ತಲೆಯ ಬೆಚ್ಚನೆಯ ಕೋಣೆಯನ್ನು ನಾವೇ ಕಟ್ಟಿಕೊಟ್ಟಂತಾಗುವದು. ಕೊಟ್ಟಿಗೆಯಲ್ಲಿ ಕಟ್ಟಿಗೆಯ ಹೊರತು ಬೇರೇನೂ ಇರಕೂಡದು. ಹರಕು ಗೋಣಿ, ಒಡೆದ ಹಂಚು, ತೆಂಗಿನಕಾಯಿ, ಕೋಳಿಯ ಆಹಾರ ಇವೆಲ್ಲವನ್ನೂ ಬೇರೆಡೆಗೆ ಸಾಗಿಸಬೇಕು. ಸುತ್ತಲಿನ ಹುಲ್ಲನ್ನು ಕತ್ತರಿಸಿಡಬೇಕು.

ಆರನೆಯದಾಗಿ, ಒಂದು ನಿಷೇಧ. ಗೆದ್ದಲಿನ ಕಾಟವನ್ನು ತಾಳಲಾರದೆ ಕೆಲವರು ಕಟ್ಟಿಗೆಯ ಮೇಲೆಯೇ ಕೀಟನಾಶಕವನ್ನು ಸಿಂಪಡಿಸುವದುಂಟು. ಇದು ಬಹಳ ತಪ್ಪು. ಆ ವಿಷವು ಒಲೆಯಲ್ಲಿ ಉರಿದು ಹೊಗೆಯಾಗಿ, ಅಡಿಗೆಯವರ ಉಸಿರನ್ನೂ ತೆರೆದ ಪಾತ್ರೆಯ ಅನ್ನವನ್ನೂ ಸೇರುವದು. ಹಿಂದಿನ ಕಾಲದಲ್ಲಿ ಮನೆಮನೆಯಲ್ಲಿಯೂ ಗಮಾಕ್ಸಿನ್ ಪುಡಿಯನ್ನು ಎರಚುತ್ತಿದ್ದರು, ಬಿ.ಎಚ್.ಸಿ. ಎಂಬ ಆ ವಿಷವಸ್ತುವನ್ನು ೧೯೯೭ರಲ್ಲಿ ನಮ್ಮ ದೇಶದಲ್ಲಿ ನಿಷೇಧಿಸಲಾಯಿತು. ಬಣ್ಣ ಬಳಿದ ಹಲಗೆಗಳನ್ನೂ, ಗೆದ್ದಲಿನ ಮದ್ದು ಕುಡಿಸಿದ ಹಳೆಯ ಮರವನ್ನೂ ಇದೇ ಕಾರಣದಿಂದ ಉರಿಸಬಾರದು. ಬಿಸಿಲು, ಗಾಳಿ, ಪೊರಕೆ ಈ ಮೂರೇ ಕಟ್ಟಿಗೆಗೆ ಯೋಗ್ಯವಾದ ಔಷಧಗಳು. ಮನೆಯ ಗೋಡೆಗೇ ಗೆದ್ದಲು ಹತ್ತಿದ್ದರೆ, ಬಲ್ಲವರನ್ನು ಕರೆಯಿಸಿ ಗೋಡೆಗೂ ನೆಲಕ್ಕೂ ಚಿಕಿತ್ಸೆ ಮಾಡಿಸಬೇಕೇ ಹೊರತು ಸೌದೆಗಲ್ಲ.

ಏಳನೆಯದು, ತೆಗೆಯುವ ರೀತಿ. ಇದನ್ನು ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಮನಸ್ಸಿನಲ್ಲಿಡಬೇಕು. ಮರುದಿನದ ಮುಂಜಾನೆಗೆ ಬೇಕಾದ ಕಟ್ಟಿಗೆಯನ್ನು ಹಿಂದಿನ ದಿನ ಹಗಲಿನಲ್ಲಿಯೇ ತಂದಿಡಿರಿ. ಕತ್ತಲೆಯಲ್ಲಿ ಹೋಗಲೇಬೇಕಾದರೆ ದೀಪವಿಲ್ಲದೆ ಹೋಗಬೇಡಿರಿ. ಕಾಲಿಗೆ ಚಪ್ಪಲಿಯಲ್ಲ, ಮುಚ್ಚಿದ ಪಾದರಕ್ಷೆ ಇರಲಿ. ರಾಶಿಯ ಬಳಿಗೆ ಬಂದೊಡನೆ ಉದ್ದವಾದ ಕೋಲಿನಿಂದ ಎರಡು ಮೂರು ಸಲ ಬಡಿದು ಸ್ವಲ್ಪ ನಿಲ್ಲಿರಿ. ಅಡಗಿರುವ ಪ್ರಾಣಿಗೆ ಹೋಗಲು ಅವಕಾಶ ಕೊಡುವದು ನಮಗೂ ಅದಕ್ಕೂ ಹಿತ. ಮೇಲಿನ ತುಂಡನ್ನು ಮೊದಲು ಎತ್ತಬೇಕು. ಸಂದಿಯಲ್ಲಿ ಬೆರಳು ತೂರಿಸಿ ನಡುವಿನದನ್ನು ಎಳೆಯಬಾರದು. ಪ್ರತಿಯೊಂದು ತುಂಡನ್ನೂ ನೆಲಕ್ಕೆ ಕುಟ್ಟಿ, ಎಲ್ಲ ಮಗ್ಗುಲುಗಳನ್ನೂ ನೋಡಿ, ತರುವಾಯ ತೋಳಿನ ಮೇಲೆ ಇಟ್ಟುಕೊಳ್ಳಿರಿ. ಒಳಗೆ ತರುವದು ಒಂದು ದಿನಕ್ಕೆ ಬೇಕಾದಷ್ಟನ್ನು ಮಾತ್ರ. ಒಲೆಯ ಪಕ್ಕದಲ್ಲಿ ವಾರದ ಕಟ್ಟಿಗೆಯನ್ನು ಕೂಡಿಸಿದರೆ, ಹೊರಗಿನ ರಾಶಿಯನ್ನೇ ಒಳಗೆ ಕರೆದಂತಾಗುವದು.

ಇಷ್ಟು ಎಚ್ಚರಿಕೆಯಿದ್ದೂ ಹಾವು ಕಚ್ಚಿದರೆ ಮಾಡತಕ್ಕದ್ದೇನು? ಕಚ್ಚಿದವರನ್ನು ಮಲಗಿಸಿ ಧೈರ್ಯ ಹೇಳಬೇಕು. ಬಳೆ ಉಂಗುರಗಳನ್ನು ತೆಗೆಯಬೇಕು; ಕಚ್ಚಿದ ಅಂಗವು ಅಲುಗಾಡದಂತೆ ದಬ್ಬೆಯನ್ನಿಟ್ಟು ಕಟ್ಟಬೇಕು. ನಡೆಯಿಸದೆ, ೧೦೮ನ್ನು ಕರೆಯಿಸಿಯೋ ಬೇರೆ ವಾಹನದಲ್ಲಿಯೋ ವಿಷಹಾರಿ ಮದ್ದು ದೊರೆಯುವ ಆಸ್ಪತ್ರೆಗೆ ಒಯ್ಯಬೇಕು. ಬಿಗಿಯಾಗಿ ಹಗ್ಗ ಕಟ್ಟುವದು, ಗಾಯವನ್ನು ಕೊಯ್ಯುವದು, ಬಾಯಿಂದ ಹೀರುವದು, ಮಂತ್ರವಾದಿಯ ಬಳಿಗೆ ಹೋಗುವದು ಇವೆಲ್ಲವೂ ಹಾನಿಕರ. ಕಟ್ಟುಹಾವಿನ ಕಡಿತದಲ್ಲಿ ನೋವೂ ಊತವೂ ಇಲ್ಲದೆಯೇ ಇರಬಹುದು; ಆದದರಿಂದ ಏನೂ ಕಾಣುವದಿಲ್ಲವೆಂದು ಮನೆಯಲ್ಲಿ ಕುಳಿತಿರಬಾರದು. ಹಾವನ್ನು ಹುಡುಕಿ ಕೊಲ್ಲುವದರಲ್ಲಿ ಹೊತ್ತು ಕಳೆಯುವದೂ ಸಲ್ಲದು.

ನಮ್ಮ ವಸತಿಗೃಹದಲ್ಲಿ ಶನಿವಾರಕ್ಕೊಮ್ಮೆ ಒಂಬತ್ತನೆಯ ತರಗತಿಯ ಹುಡುಗಿಯರು ಸರದಿಯ ಮೇಲೆ, ಮೇಲ್ವಿಚಾರಕಿಯರೊಡನೆ, ಕೊಟ್ಟಿಗೆಯನ್ನು ಪರೀಕ್ಷಿಸುವ ಪದ್ಧತಿಯುಂಟು. ಕಲ್ಲುಗಳ ಮೇಲೆ ಮಣ್ಣಿನ ದಾರಿಯುಂಟೋ, ನೆಲದಲ್ಲಿ ಹಿಟ್ಟು ಬಿದ್ದಿದೆಯೋ, ಬಿಲಗಳು ಕಾಣುವವೋ ಎಂದು ನೋಡಿ ಒಂದು ಪುಸ್ತಕದಲ್ಲಿ ಬರೆಯುತ್ತಾರೆ. ಅರ್ಧ ಗಂಟೆಯ ಕೆಲಸವಿದು. ಪ್ರಾಣಿಶಾಸ್ತ್ರದ ಪಾಠವೂ ಗೃಹಕೃತ್ಯದ ಪಾಠವೂ ಅಲ್ಲಿ ಒಂದಾಗುತ್ತವೆ. ಪುಸ್ತಕದಲ್ಲಿ ಗೆದ್ದಲಿನ ಚಿತ್ರವನ್ನು ನೋಡಿದವಳಿಗಿಂತ, ಅದರ ಮಣ್ಣಿನ ಕೊಳವೆಯನ್ನು ಕಡ್ಡಿಯಿಂದ ಒಡೆದು ಬಿಳಿಯ ಹುಳುಗಳು ಓಡುವದನ್ನು ಕಂಡವಳು ಹೆಚ್ಚು ಕಲಿತಿರುತ್ತಾಳೆ.

ಕೊನೆಗೆ ತಂದೆತಾಯಂದಿರಿಗೆ ನಮ್ಮ ವಿಜ್ಞಾಪನೆ ಏನಂದರೆ, ಈ ಕೆಲಸವನ್ನು ಹುಡುಗಿಯರಿಗೆ ಮಾತ್ರ ಒಪ್ಪಿಸಬೇಡಿರಿ. ಕಟ್ಟಿಗೆಯ ಲಾರಿ ಬಂದ ದಿನ ಮನೆಯ ಯಜಮಾನನೂ ಗಂಡುಮಕ್ಕಳೂ ಕೈಗೂಡಿಸಿ, ಕಲ್ಲನ್ನಿಟ್ಟು, ಗಳು ಹಾಕಿ, ಸಾಲಾಗಿ ಜೋಡಿಸಲಿ. ಕೊಟ್ಟಿಗೆಯಲ್ಲಿ ಒಂದು ದೀಪವನ್ನು ಹಾಕಿಸಿಕೊಡಲಿ. ಅದರ ಖರ್ಚು ಒಂದು ದಿನದ ಆಸ್ಪತ್ರೆಯ ಖರ್ಚಿಗಿಂತ ಎಷ್ಟೋ ಕಡಿಮೆ. ಮಗಳು ಸಂಜೆಯಲ್ಲಿ ಹಿತ್ತಿಲಿಗೆ ಹೋದಾಗ ತಾಯಿಯು ಒಳಗೆ ಕುಳಿತು ಚಿಂತಿಸಬೇಕಾಗಿಲ್ಲದಂತೆ ಮಾಡುವದು ಹೆಚ್ಚು ಹಣದ ಮಾತಲ್ಲ, ಕ್ರಮದ ಮಾತು. ಈ ವರ್ಷದ ಬೇಸಗೆಯ ರಜೆಯು ಮುಗಿಯುವದರೊಳಗೆ ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿನಿಯ ಮನೆಯಲ್ಲಿಯೂ ಕಟ್ಟಿಗೆಯು ನೆಲವನ್ನು ಬಿಟ್ಟು ಒಂದು ಅಡಿ ಮೇಲೆ, ಗೋಡೆಯನ್ನು ಬಿಟ್ಟು ಒಂದು ಮೊಳ ಈಚೆಗೆ ಬಂದಿರಲಿ ಎಂದು ನಾವು ಹಾರೈಸುತ್ತೇವೆ.